ಬಿಶಾರೊ ನೋಡಿದ ಕಡೆ

ಆಗಸ್ಟ್ ೯, ೨೦೨೨. ಬೈದೊವಾ. ಬೆಳಿಗ್ಗೆ.

ಮತ್ತೆ ಲೆನ್ಸಿನೊಳಗೆ ಧೂಳು. ಊದಿದೆ, ಒರೆಸಿದೆ, ಹೋಗಲಿಲ್ಲ. ಎಡಮೂಲೆಯಲ್ಲಿ ಒಂದು ಕಪ್ಪು ಚುಕ್ಕೆ ಬರುತ್ತೆ. ನೈರೋಬಿಯಲ್ಲಿ ಕೂತು ಮುತೋನಿ ಅಳಿಸಿಕೊಳ್ಳಲಿ. ಎಡಿಟರ್ ಅಂದಮೇಲೆ ಅಷ್ಟಾದರೂ ಮಾಡಬೇಕು.

ಡ್ರೈವರ್ ಕೇರೊ ಇನ್ನೂ ಗಾಡಿ ತಂದಿಲ್ಲ. ಅಂಜೆರೊ ದೋಸೆ ತಿಂದೆ, ಎಳ್ಳೆಣ್ಣೆ ಸಕ್ಕರೆ ಹಾಕಿಕೊಂಡು. ಇನ್ನೊಂದು ಹಾಕಿಸಿಕೊಂಡೆ.

ಮುತೋನಿ ರಾತ್ರಿ ಮೆಸೇಜ್ ಮಾಡಿದ್ದಳು. ‘ಬರಕ್ಕೆ ಈಗಷ್ಟೇ ಹಳ್ಳಿ ಬಿಟ್ಟು ಬಂದವರು ಬೇಕು. ಗುಂಪಿನ ಫೋಟೊ ಸಾಕಷ್ಟಿದೆ. ಮುಖ ಬೇಕು.’ ಮುಖ ಬೇಕಂತೆ. ಸಂತೆಯಿಂದ ತರಕಾರಿ ತರಲು ಹೇಳಿದ ಹಾಗೆ. ತಪ್ಪು ಅವಳದಲ್ಲ. ನಾನೂ ಹಾಗೇ ಮಾತಾಡುತ್ತೇನೆ.

ಅದೇ ದಿನ, ಸಂಜೆ.

ಪೂರ್ವದ ಶಿಬಿರಕ್ಕೆ ಹೋದೆವು. ಕೋಲು ಬಗ್ಗಿಸಿ ಹಳೆ ಬಟ್ಟೆ ಹೊದಿಸಿದ ಗುಡಿಸಲುಗಳು ರಸ್ತೆವರೆಗೂ ಬಂದಿವೆ. ಹೋದ ತಿಂಗಳು ಅಲ್ಲಿ ಬಯಲಿತ್ತು. ನನ್ನ ಮೊಗದಿಶು ಮಾತು ಕೇಳಿದರೆ ಇಲ್ಲಿಯ ಹೆಂಗಸರಿಗೆ ನಗು. ಅರ್ಥ ಆಗದ್ದನ್ನು ಕೇರೊ ಬಿಡಿಸಿ ಹೇಳುತ್ತಾನೆ, ಒಂದೆರಡು ಸುಳ್ಳನ್ನೂ ಸೇರಿಸಿ. ‘ನಿನಗೆ ಮದುವೆ ಆಗಿದೆಯಾ ಅಂತ ಕೇಳ್ತಿದಾರೆ. ಮೂರು ಸಲ ಅಂದಿದೀನಿ. ಮರ್ಯಾದೆ ಹೆಚ್ಚು.’

ನೂರ್ತೊ ಅಂತ ಒಬ್ಬಳು. ಇಪ್ಪತ್ತು ದಾಟಿರಬಹುದು. ನೆರಳಲ್ಲಿ ಕೂತಿದ್ದಳು, ತೊಡೆಯ ಮೇಲೆ ಮಗು.

‘ನೀನೇನಾ ಫೋಟೊದವಳು?’

‘ಹೌದು. ತೆಗೀಲಾ?’

‘ತೆಗೆದ್ರೆ ಏನಾಗುತ್ತೆ?’

ಎಲ್ಲರೂ ಕೇಳುತ್ತಾರೆ. ಇದ್ದದ್ದು ಹೇಳಿದೆ. ‘ನಿನಗೇನೂ ಆಗಲ್ಲ. ದೂರದವರು ನೋಡ್ತಾರೆ. ನೋಡಿದ್ಮೇಲೆ ಇಲ್ಲಿಗೆ ಲಾರಿ ಬಂದ್ರೂ ಬರಬಹುದು. ಬರದೇನೂ ಇರಬಹುದು.’

‘ನಮ್ಮನೆಯವನು ನೋಡ್ತಾನಾ?’

‘ಎಲ್ಲಿದಾನೆ?’

‘ಕಿಸ್ಮಾಯೊ ಬಂದರಲ್ಲಿ. ಮೂಟೆ ಹೊರೋಕೆ ಅಂತ ಹೋದ. ಇವಳಿನ್ನೂ ಹೊಟ್ಟೇಲಿದ್ಲು. ಆಮೇಲೆ ಬಂದೂಕು ಹಿಡಿದ ಕಾಡಿನವರು ಬಂದು ಫೋನಿನ ಕಂಬ ಉರುಳಿಸಿದ್ರು. ಹಸುಗಳನ್ನೂ ಹೊಡ್ಕೊಂಡು ಹೋದ್ರು. ಅಲ್ಲಿಂದ ಮಾತಿಲ್ಲ.’ ಮಗುವಿನ ಕಾಲನ್ನು ಬಟ್ಟೆಯೊಳಗೆ ಸೇರಿಸಿ, ‘ಹೆಣ್ಣು ಅಂತಾನೂ ಗೊತ್ತಿಲ್ಲ ಅವನಿಗೆ,’ ಅಂದಳು.

ಮಗುವಿನ ಹೆಸರು ಬಿಶಾರೊ. ಒಳ್ಳೆ ಸುದ್ದಿ ಅಂತ ಅರ್ಥ. ಕೇರೊ ಏನೋ ತಮಾಷೆ ಮಾಡಲು ಬಾಯಿ ತೆರೆದವನು ಮಗುವಿನ ಕಡ್ಡಿಯಂಥ ಕೈ ನೋಡಿ ಗಾಡಿಯ ಕಡೆ ತಿರುಗಿದ.

ತೆಗೆದೆ. ಮೊದಮೊದಲು ಮಗು ತಾಯಿಯ ಎದೆಗೆ ಮುಖವಿಟ್ಟುಕೊಂಡಿತ್ತು. ಶಟರ್ ಸದ್ದಿಗೆ ತಿರುಗಿತು. ನೇರ ಲೆನ್ಸಿನೊಳಗೆ ನೋಡಿತು. ಸಿಕ್ಕಿತು ಅಂತ ಆಗಲೇ ಗೊತ್ತಾಯಿತು.

ಆಸ್ಪತ್ರೆಗೆ ಹೋಗು ಅಂದೆ. ಹೆಸರು ಬರೆಸಿದೀನಿ, ನಾಳೆ ಕರೀತಾರಂತೆ ಅಂದಳು.

ಹೋಟೆಲಿಗೆ ಬಂದು ಕಳಿಸಿದೆ. ಮುತೋನಿ: ‘ಇದೇ.’

ಆಗಸ್ಟ್ ೧೧. ಬೈದೊವಾ.

ಕ್ಯಾಪ್ಶನ್‌ಗೆ ಹಳ್ಳಿಯ ಹೆಸರು ಸರಿಯಾಗಿ ಬೇಕಿತ್ತು. ಮತ್ತೆ ಹೋದೆ. ಗುಡಿಸಲು ಖಾಲಿ. ಪಕ್ಕದವಳು ಕೈ ಎತ್ತಿ ಬಯಲಿನ ಕಡೆ ತೋರಿಸಿದಳು. ಅಷ್ಟೇ.

ಗುಂಡಿ ತೋಡಲು ಗಂಡಸರು ಸಾಲದಾಗಿದ್ದರು. ಕೇರೊ ಗಾಡಿ ನಿಲ್ಲಿಸಿ, ಚಪ್ಪಲಿ ಬಿಟ್ಟು, ಒಬ್ಬ ಮುದುಕನ ಕೈಯಿಂದ ಗುದ್ದಲಿ ತೆಗೆದುಕೊಂಡ. ನೆಲ ಕಲ್ಲಿನ ಹಾಗೆ. ನೂರ್ತೊ ಹೆಂಗಸರ ಜೊತೆ ದೂರದ ಜಾಲಿಮರದ ಹತ್ತಿರ ನಿಂತಿದ್ದಳು. ಅಳುತ್ತಿರಲಿಲ್ಲ. ಬಟ್ಟೆಯ ಗಂಟು ಎಷ್ಟು ಸಣ್ಣದಿತ್ತೆಂದರೆ ಮುದುಕ ಅದನ್ನು ಒಂದೇ ಕೈಯಲ್ಲಿ ಹಿಡಿದಿದ್ದ.

ದೂರದಿಂದ ಒಂದಷ್ಟು ಫ್ರೇಮ್ ತೆಗೆದೆ. ಯಾರೂ ಕೇಳಿರಲಿಲ್ಲ. ಕೈ ತಾನಾಗಿ ಏಳುತ್ತೆ.

ಕತ್ತೆಕಿರುಬ ಬರದಿರಲಿ ಅಂತ ಮೇಲೆ ಮುಳ್ಳುಕೊಂಬೆ ಹಾಕಿದರು.

ಮುತೋನಿಗೆ ಫೋನ್ ಮಾಡಿದೆ. ‘ಕ್ಯಾಪ್ಶನ್ ತಿದ್ದಬೇಕು. ಮಗು ಹೋಯ್ತು.’

‘ಫೋಟೊ ಎಲ್ಲಾ ಕಡೆ ಹೋಗಿಬಿಟ್ಟಿದೆ ಸಗಲ್. ತಿದ್ದುಪಡಿ ಕಳಿಸ್ತೀನಿ. ಹಾಕ್ಕೊಳ್ಳೋದು ಬಿಡೋದು ಪೇಪರಿನವರಿಗೆ ಬಿಟ್ಟಿದ್ದು.’

ಹಾಗೆ, ಸಾವಿನ ಸುದ್ದಿ ತಿದ್ದುಪಡಿಯಾಗಿ ಹೋಯಿತು.

ಆಗಸ್ಟ್ ೨೩. ಮೊಗದಿಶು.

ಪಕ್ಕದ ಮನೆಯಾಕೆ ಫೋನ್ ಹಿಡಿದುಕೊಂಡು ಬಂದಿದ್ದಳು. ‘ಇದು ನಿಮ್ಮ ಸಗಲ್ ತೆಗೆದಿದ್ದಂತಲ್ಲ.’ ಅಮ್ಮ ಕನ್ನಡಕ ಹಾಕಿಕೊಂಡು ನೋಡಿದಳು, ಕನ್ನಡಕ ತೆಗೆದಳು.

‘ಎಲ್ಲಿದೆ ಈ ಮಗು ಈಗ?’

‘ಹೋಯ್ತು.’

ಅಮ್ಮ ಏನೋ ಪಠಿಸಿದಳು. ಪಕ್ಕದಾಕೆ ಹೋದಮೇಲೆ ಹೇಳಿದಳು, ‘ಮದುವೆ ಫೋಟೊ ತೆಗೀತಿದ್ದಾಗ ನೀನು ಮನೆಗೆ ಬಂದ್ರೆ ಅತ್ತರು ಘಮ್ ಅನ್ನೋದು. ಈಗ ಬರೀ ಹೊಗೆ.’

ನಿಜ. ಹೆಂಗಸರ ಮದುವೆಮನೆಯೊಳಗೆ ಗಂಡು ಫೋಟೊಗ್ರಾಫರನ್ನು ಬಿಡುವುದಿಲ್ಲ. ಅದಕ್ಕೇ ನನಗೆ ಕೆಲಸ ಸಿಕ್ಕಿದ್ದು. ವರ್ಷಗಟ್ಟಲೆ ಗೋರಂಟಿ ಕೈ, ಬಂಗಾರದ ಕೊರಳು. ಒಂದು ಸಲ ಮದುವೆ ಮುಗಿಸಿ ಆಟೋದಲ್ಲಿ ಬರುವಾಗ ಎದುರಿಗಿದ್ದ ಹೋಟೆಲ್ ಬಾಂಬಿಗೆ ಸಿಡಿಯಿತು. ಕ್ಯಾಮೆರಾ ಕೊರಳಲ್ಲೇ ಇತ್ತು. ಇಳಿದೆ, ತೆಗೆದೆ. ಮಾರನೆ ದಿನ ನೈರೋಬಿಯಿಂದ ಫೋನ್. ಕ್ಯಾಮೆರಾದ ಒಂದೇ ಮೆಮೊರಿ ಕಾರ್ಡಿನಲ್ಲಿ ಮದುಮಗಳೂ ಇದ್ದಳು, ರಸ್ತೆಯೂ ಇತ್ತು. ಆಮೇಲೆ ಮದುವೆಗೆ ಹೋಗಿಲ್ಲ.

ನವೆಂಬರ್ ೧೭.

ಸರ್ಕಲ್ಲಿನಲ್ಲಿ ಕಾರು ಸಿಡಿಯಿತು. ಬೇಗ ತಲುಪಿದೆ. ಎರಡನೆಯದು ಇರಬಹುದು ಅಂತ ಪೊಲೀಸಿನವ ಕೂಗುತ್ತಿದ್ದ. ಗೋಡೆ ಪಕ್ಕ ನಿಂತು ತೆಗೆದೆ. ಫೋಕಸ್ ಎಲ್ಲಾ ಸರಿಯಾಗಿ ಬಂದಿದೆ.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ತಡೆದಳು. ಶೂ ಬಿಚ್ಚಿಸಿಕೊಂಡು ಹಿತ್ತಲಿಗೆ ಒಯ್ದು ತೊಳೆದಳು. ಅನ್ನ, ಮೀನು, ಬಾಳೆಹಣ್ಣು. ಎಲ್ಲಾ ಸೇರಿತು. ನಿದ್ದೆಯೂ ಬಂತು.

ಮಾರ್ಚ್ ೬, ೨೦೨೩.

ಬಿಶಾರೊ ಫೋಟೊಗೆ ಬಹುಮಾನ. ದೊಡ್ಡದೇ. ಯೂರೋಪಿನಲ್ಲಿ ಸಮಾರಂಭ. ವೀಸಾ ಸಿಗಲಿಲ್ಲ. ನಾನು ವಾಪಸ್ ಬರುತ್ತೇನೆ ಅನ್ನುವುದಕ್ಕೆ ಅವರಿಗೆ ಖಾತ್ರಿ ಇಲ್ಲವಂತೆ.

ಮುತೋನಿ ಹೋಗಿ ತೆಗೆದುಕೊಳ್ಳುತ್ತಾಳೆ. ‘ವೇದಿಕೆ ಮೇಲೆ ಏನು ಹೇಳ್ಲಿ ನಿನ್ನ ಪರವಾಗಿ?’

‘ಮಗು ಹೋಯ್ತು ಅಂತ ಹೇಳು.’

‘ಸಗಲ್...’

‘ಹಾಗಾದ್ರೆ ಥ್ಯಾಂಕ್ಸ್ ಹೇಳು.’

ಫೋಟೊ ಮತ್ತೆ ಎಲ್ಲರ ಫೋನಿನಲ್ಲಿ ಓಡಾಡುತ್ತಿದೆ. ಅಮ್ಮ ಬೀದಿಗೆಲ್ಲಾ ಹಲ್ವ ಹಂಚಿದಳು. ಯಾಕೆ ಹಂಚುತ್ತಿದ್ದೀಯ ಅಂದರೆ, ‘ಹಂಚದಿದ್ರೆ ಯಾಕೆ ಹಂಚಲಿಲ್ಲ ಅಂತ ಕೇಳ್ತಾರೆ,’ ಅಂದಳು.

ಮೇ ೩. ಮಧ್ಯಾಹ್ನ.

ಅವನು ಬಂದ.

ಬಾಗಿಲಲ್ಲಿ ನಿಂತು ನನ್ನ ಪೂರ್ತಿ ಹೆಸರು ಹೇಳಿದ, ಅಪ್ಪನ ಹೆಸರು, ಅಜ್ಜನ ಹೆಸರು ಸಮೇತ. ಫೋಟೊ ಕೆಳಗೆ ಹೆಸರು ಇತ್ತು, ಓದಿಸಿಕೊಂಡೆ ಅಂದ. ಇಲ್ಲಿ ಬಂದು ರೇಡಿಯೊ ಸ್ಟೇಷನ್ನಿನಲ್ಲಿ ಕೇಳಿದನಂತೆ, ಅವರು ಮನೆ ತೋರಿಸಿದರಂತೆ. ತೆಳ್ಳಗಿದ್ದಾನೆ. ಎಡಭುಜದ ಮೇಲೆ ಚರ್ಮ ದಡ್ಡುಗಟ್ಟಿದೆ. ಹೆಸರು ಇಬ್ರೊ.

ಅಮ್ಮ ಚಾಪೆ ಹಾಸಿದಳು, ಅನ್ನ ಬಡಿಸಿದಳು. ಚಾಪೆಯ ಅಂಚಿನಲ್ಲಿ ಕೂತ. ತಿನ್ನುವ ಮೊದಲು ಫೋನ್ ತೆಗೆದು ಒರೆಸಿ ನನ್ನ ಮುಂದಿಟ್ಟ. ಸೀಳಿದ ಗಾಜಿನ ಹಿಂದೆ ನನ್ನ ಫೋಟೊ.

‘ಬಂದರಲ್ಲಿ ಒಬ್ಬ ತೋರಿಸಿದ. ರಂಜಾನಿನಲ್ಲಿ. ನಿಮ್ಮ ಕಡೆಯವಳ ಹಾಗಿದಾಳೆ ನೋಡು ಅಂದ. ನೋಡಿದ್ರೆ ನಮ್ಮವಳೇ. ನೂರ್ತೊ.’ ಬೆರಳು ಕೆಳಗಿಳಿಯಿತು. ‘ಇದು ನನ್ನ ಮಗಳಾ?’

‘ಹೌದು.’

‘ಹೆಸರೇನಕ್ಕಾ?’

‘ಬಿಶಾರೊ.’

ಎರಡು ಸಲ ಹೇಳಿಕೊಂಡ. ‘ಹಣೆ ನೋಡಿ. ನಮ್ಮಮ್ಮಂದೇ.’ ಅಮ್ಮನಿಗೂ ತೋರಿಸಿದ. ಅಮ್ಮ ನೋಡಿದಳು, ಹೌದೌದು ಅಂದಳು, ನನ್ನ ಕಡೆ ತಿರುಗಿದಳು.

‘ಯಾವಾಗ ತೆಗೆದಿದ್ದು?’

‘ಹೋದ ಆಗಸ್ಟಲ್ಲಿ.’

‘ಹಾಗಾದ್ರೆ ಈಗ ನಡೀತಿರ್ತಾಳೆ,’ ಅಂದ. ‘ಮಾತೂ ಬರ್ತಿರುತ್ತೆ.’

ಬಾಯಿ ತೆರೆದೆ. ‘ಬೈದೊವಾದಲ್ಲಿ ವಿಚಾರಿಸ್ತೀನಿ,’ ಅಂತ ಬಂತು.

ಅವನು ಹೊರಟಮೇಲೆ ಅಮ್ಮ ತಟ್ಟೆ ಎತ್ತುತ್ತಾ, ‘ಹೇಳಲಿಲ್ಲ ನೀನು,’ ಅಂದಳು.

‘ಹೇಳ್ತೀನಿ.’

‘ಬಡಿಸ್ತಾ ಕಾಯ್ತಿದ್ದೆ ನಾನು. ಈಗ ಹೇಳ್ತಾಳೆ, ಅವನ ಕೈಯಿಂದ ತಟ್ಟೆ ತೊಗೋಬೇಕಾಗುತ್ತೆ ಅಂತ.’

ಯಾಕೆ ಹೇಳಲಿಲ್ಲ? ಕರುಣೆ ಅಂತ ಬರೆದರೆ ಸುಳ್ಳು. ಸಾವನ್ನು ಬರೆದು ಕಳಿಸುವುದು ಅಭ್ಯಾಸ. ಎದುರು ಕೂತವನಿಗೆ ಹೇಳಿ ಅಭ್ಯಾಸವಿಲ್ಲ. ಒಳಗೆ ಏನಾದರೂ ಇದೆಯಾ ಅಂತ ನೋಡಿಕೊಂಡೆ. ಸ್ವಿಚ್ ಒತ್ತಿದರೂ ದೀಪ ಹತ್ತದ ಕೋಣೆ.

ಮೇ ೫.

ಕೇರೊಗೆ ಫೋನ್ ಮಾಡಿದೆ. ಪೂರ್ವದ ಶಿಬಿರವೇ ಇಲ್ಲವಂತೆ. ಜಾಗದ ಯಜಮಾನ ಎಲ್ಲರನ್ನೂ ಎಬ್ಬಿಸಿದ್ದಾನೆ. ಜನ ಚೆಲ್ಲಾಪಿಲ್ಲಿ. ‘ಆದ್ರೂ ಹುಡುಕೋಣ. ಇಲ್ಲಿ ನನಗೆ ಗೊತ್ತಿಲ್ಲದಿರೋ ಕತ್ತೆನೂ ಇಲ್ಲ.’ ಆಮೇಲೆ ದನಿ ಇಳಿಸಿ, ‘ಅವನಿಗೆ ಗೊತ್ತಾ?’

‘ಇನ್ನೂ ಇಲ್ಲ.’

ಮುತೋನಿಗೂ ಹೇಳಿದೆ. ಹೇಳಬಾರದಿತ್ತೇನೋ. ‘ಫೋಟೊ ನೋಡಿ ಗಂಡ ಹುಡುಕ್ಕೊಂಡು ಬಂದ! ಸಗಲ್, ಇದು... ಹೋಗು. ಟಿಕೆಟ್ ನಮ್ಮದು. ಅವರು ಸೇರೋ ಕ್ಷಣ ಬೇಕು.’

ನಾನು ವಿಮಾನದಲ್ಲಿ. ಇಬ್ರೊ ರಸ್ತೆಯಲ್ಲಿ, ಬಸ್ಸಿನಲ್ಲಿ. ನಾನು ಆ ರಸ್ತೆಯಲ್ಲಿ ಹೋದರೆ ಕಾಡಿನವರು ಕ್ಯಾಮೆರಾ ಸಮೇತ ಇಟ್ಟುಕೊಳ್ಳುತ್ತಾರೆ. ಮೂಟೆ ಹೊರುವವನನ್ನು ಬಿಡುತ್ತಾರೆ, ಬಹುಶಃ.

ಮೇ ೧೦. ಬೈದೊವಾ.

ಮಳೆ ಬಂದಿದೆ. ಐದು ಮಳೆಗಾಲ ಕೈಕೊಟ್ಟು ಈಗ ಒಂದೇ ಸಲ ಸುರಿದಿದೆ. ಬರಕ್ಕೆ ಓಡಿಬಂದವರ ಗುಡಿಸಲುಗಳನ್ನು ನೆರೆ ಕೊಚ್ಚಿದೆ. ಎಲ್ಲೆಲ್ಲೂ ಕೆಂಪು ಕೆಸರು, ಅದರ ಅಂಚಿಗೆ ಹಸಿರು. ಕಣ್ಣಿಗೆ ಹೊಂದುತ್ತಿಲ್ಲ.

ಇಬ್ರೊ ಬಂದು ಸೇರಿದ. ನಡುದಾರಿಯಲ್ಲಿ ಇಳಿಸಿ ವಿಚಾರಿಸಿದರಂತೆ. ಎಲ್ಲಿಗೆ ಅಂದಾಗ ಮಗಳನ್ನು ನೋಡೋಕೆ ಅಂದನಂತೆ. ಬಂದೂಕಿನವನು, ‘ಹೋಗು, ನನಗೂ ಒಬ್ಬಳಿದಾಳೆ,’ ಅಂದನಂತೆ. ಇದನ್ನು ಸಂತೋಷವಾಗಿ ಹೇಳಿದ.

ಮೇ ೧೧.

ಇಡೀ ದಿನ ಹುಡುಕಿದೆವು. ಒಂದು ಗುಂಪಿನಿಂದ ಇನ್ನೊಂದಕ್ಕೆ. ಇಬ್ರೊ ಎಲ್ಲರಿಗೂ ಫೋನ್ ತೋರಿಸುತ್ತಾನೆ. ಎಲ್ಲರಿಗೂ ಆ ಫೋಟೊ ಗೊತ್ತು, ಆ ಹೆಂಗಸು ಗೊತ್ತಿಲ್ಲ.

ಒಬ್ಬ ಅಜ್ಜಿ ಫೋನ್ ನೋಡಿದಳು, ನನ್ನನ್ನು ನೋಡಿದಳು. ‘ಅಯ್ಯೋ, ಈ ಕೂಸು ಅವತ್ತೇ...’

ಕೇರೊ ನಡುವೆ ಬಾಯಿ ಹಾಕಿದ. ‘ಅಜ್ಜಿ, ನಮಗೆ ತಾಯಿ ಬೇಕು. ತಾಯಿ ಎಲ್ಲಿದಾಳೆ ಹೇಳು.’

ಅಜ್ಜಿ ಇಬ್ರೊನ ಮುಖ ನೋಡಿ ಮಾತು ಬದಲಿಸಿದಳು. ಪೇಟೆಯ ಕಡೆ ಯಾರದೋ ಮನೇಲಿ ಬಟ್ಟೆ ಒಗೀತಾಳಂತೆ, ಮಸೀದಿ ಹಿಂದಿನ ಸಾಲು.

ಇಬ್ರೊ ನಮಾಜಿಗೆ ಹೋದಾಗ ಕೇರೊ ನನ್ನ ಪಕ್ಕ ಬಂದು ಕೂತ. ತಮಾಷೆ ಇರಲಿಲ್ಲ.

‘ಅವಳ ಎದುರಿಗೆ ಹೋಗೋ ಮೊದ್ಲು ಹೇಳು. ನೀನು ಹೇಳಲ್ಲ ಅಂದ್ರೆ ನಾನು ಹೇಳ್ತೀನಿ. ಗುಂಡಿ ತೋಡಿದವನು ನಾನು.’

‘ಬೇಡ. ನಾನೇ ಹೇಳ್ತೀನಿ.’

‘ಯಾವಾಗ?’

‘ಬೆಳಿಗ್ಗೆ. ಗಾಡೀಲಿ.’

ಮೇ ೧೨. ಶುಕ್ರವಾರ.

ಗಾಡಿಯಲ್ಲಿ ಹೇಳಬಹುದಿತ್ತು. ಯಾರೂ ಅಡ್ಡ ಬರಲಿಲ್ಲ. ಕೇರೊ ರೇಡಿಯೊ ಆರಿಸಿದ್ದ, ನಿಧಾನ ಓಡಿಸುತ್ತಿದ್ದ. ಬೇಕಂತಲೇ. ಇಬ್ರೊ ಹಿಂದಿನ ಸೀಟಿನಲ್ಲಿ ಕಿಸ್ಮಾಯೊ ವಿಷಯ ಮಾತಾಡುತ್ತಿದ್ದ. ಬಂದರಿನ ಹಿಂದೆ ಒಂದು ಕೋಣೆ ಇದೆ, ಸಮುದ್ರ ಕಾಣುತ್ತೆ, ಮಗು ನೀರು ಕಂಡರೆ ಹೆದರುತ್ತೇನೋ ಏನೋ. ‘ಹೆದರ್ತಾಳಾ ಅಕ್ಕಾ?’

‘ಗೊತ್ತಿಲ್ಲ,’ ಅಂದೆ.

ಕೇರೊ ಕನ್ನಡಿಯಲ್ಲಿ ನನ್ನನ್ನು ನೋಡಿದ. ಆಮೇಲೆ ಗಾಡಿ ನಿಂತಿತು.

ಹಿತ್ತಲಲ್ಲಿ ಅವಳು. ಮೊಣಕೈವರೆಗೂ ಸೋಪಿನ ನೊರೆ. ಮೊದಲು ನನ್ನನ್ನು ಕಂಡಳು. ‘ಫೋಟೊದವಳು,’ ಅಂದಳು. ಆಮೇಲೆ ನನ್ನ ಹಿಂದೆ ಅವನನ್ನು.

ಯಾರೂ ಓಡಿಬರಲಿಲ್ಲ. ಅವಳು ಕೈ ಒರೆಸಿಕೊಂಡಳು, ಎರಡೆರಡು ಸಲ. ಅವನು ‘ನೂರ್ತೊ’ ಅಂದ. ಅಂದವನು ಅವಳ ಪಕ್ಕ ನೋಡಿದ, ಹಿಂದೆ ನೋಡಿದ, ಒಗೆದ ಬಟ್ಟೆಗಳ ನಡುವೆ ನೋಡಿದ. ಮೊಣಕಾಲೆತ್ತರದಲ್ಲಿ ಹುಡುಕುತ್ತಿದ್ದ.

ನೂರ್ತೊ ಅವನ ಕಣ್ಣು ಹೋದ ಕಡೆಯೆಲ್ಲಾ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

‘ಇವನಿಗೆ ಗೊತ್ತಿಲ್ವಾ?’

‘ಇಲ್ಲ.’

‘ನೀನೇ ಕರ್ಕೊಂಡು ಬಂದಿದ್ದಾ?’

‘ಹೂಂ.’

‘ಇಲ್ಲಿಗೆ ಬರೋ ದಾರೀಲಿ ಜೊತೇಲಿದ್ದೆ.’

‘ಹೂಂ.’

‘ಅದನ್ನೂ ನನಗೇ ಬಿಟ್ಟೆಯಾ,’ ಅಂದಳು. ಬೈದ ಹಾಗಿರಲಿಲ್ಲ. ಸುಸ್ತಾದವಳು ಇನ್ನೊಂದು ಕೊಡ ಎತ್ತಿಕೊಂಡ ಹಾಗೆ.

ಅವನ ಹತ್ತಿರ ಹೋದಳು. ‘ಇಬ್ರೊ, ಅವಳಿಲ್ಲ. ಆ ಫೋಟೊ ತೆಗೆದ ಮೂರನೇ ದಿನ ಹೋದಳು. ಆಸ್ಪತ್ರೆಯವರು ಕರೆಯೋ ಮೊದ್ಲೇ.’

ಅವನು ಅಲ್ಲೇ ನೆಲದ ಮೇಲೆ ಕೂತ. ಕೈಯಲ್ಲಿ ಫೋನ್ ಇನ್ನೂ ಹೊತ್ತಿಕೊಂಡಿತ್ತು. ಆಮೇಲೆ ತಲೆಯೆತ್ತಿ ನನ್ನನ್ನು ಕೇಳಿದ, ‘ನಿಮ್ಮನೇಲಿ ಊಟ ಮಾಡುವಾಗ್ಲೂ ಗೊತ್ತಿತ್ತಾ?’

‘ಗೊತ್ತಿತ್ತು.’

‘ನಿಮ್ಮ ಅಮ್ಮನಿಗೆ?’

‘ಅವರಿಗೂ.’

ತಲೆಯಾಡಿಸಿದ.

ಸೇರುವ ಕ್ಷಣ. ಕ್ಯಾಮೆರಾ ಆನ್ ಕೂಡ ಮಾಡಿರಲಿಲ್ಲ. ಒಳ್ಳೆತನದಿಂದಲ್ಲ. ಕೈ ಏಳಲಿಲ್ಲ.

ಮೇ ೧೩.

ಜಾಗ ತೋರಿಸು ಅಂದನಂತೆ ಇಬ್ರೊ. ಬೆಳಿಗ್ಗೆ ಇಬ್ಬರೂ ಬಂದು ಕೇರೊನ ಗಾಡಿ ಕೇಳಿದರು. ನಾನೂ ಹತ್ತಿದೆ. ಬೇಡ ಅನ್ನಲಿಲ್ಲ.

ಬಯಲು ಗುರುತೇ ಸಿಗದ ಹಾಗಾಗಿದೆ. ಆಗ ಅಲ್ಲೊಂದು ಇಲ್ಲೊಂದು ದಿಬ್ಬ ಇತ್ತು, ಈಗ ಕಣ್ಣು ಹೋದಷ್ಟು ದೂರ. ಹಳೆಯವುಗಳನ್ನು ಮಳೆ ತಟ್ಟಿ ಸಮ ಮಾಡಿದೆ, ಮೇಲೆ ಹುಲ್ಲು. ನೂರ್ತೊ ಒಂದು ಕಡೆ ನಿಂತಳು, ಇನ್ನೊಂದು ಕಡೆ ಹೋದಳು, ವಾಪಸ್ ಬಂದಳು.

‘ಇಲ್ಲೇ ಅಂದುಕೊಂಡಿದ್ದೆ,’ ಅಂದಳು. ‘ಬೇಸಿಗೇಲಿ ವಾರ ವಾರ ಬರ್ತಿದ್ದೆ. ಮಳೆ ಬಂದಮೇಲೆ...’

ಕೇರೊನೂ ಗೊತ್ತಾಗುತ್ತಿಲ್ಲ ಅಂದ. ತೋಡಿದವನು ತಲೆ ಕೆರೆದುಕೊಂಡು ನಿಂತ.

ಆಗ ಹೇಳಿದೆ, ‘ನನ್ನ ಹತ್ರ ಅವತ್ತಿನ ಫೋಟೊ ಇದೆ. ಯಾರಿಗೂ ಕಳಿಸಿದ್ದಲ್ಲ.’

ನೂರ್ತೊ ದಿಟ್ಟಿಸಿ ನೋಡಿದಳು. ‘ತೆಗೆದಿದ್ಯಾ?’

‘ತೆಗೆದಿದ್ದೆ.’

‘ತೋರಿಸು.’

ಗಾಡಿಯ ಬಾನೆಟ್ ಮೇಲೆ ಲ್ಯಾಪ್‌ಟಾಪ್ ತೆರೆದೆ. ಬಿಸಿಲಿಗೆ ಕಾಣುತ್ತಿರಲಿಲ್ಲ, ಇಬ್ರೊ ತನ್ನ ಶಾಲು ಮರೆ ಹಿಡಿದ. ಫ್ರೇಮಿನಲ್ಲಿ ಬಾಗಿದ ಬೆನ್ನುಗಳು. ಹಿಂದೆ ಜಾಲಿಮರ, ಅದರ ಎಡಕ್ಕೆ ನೀರಿನ ಟ್ಯಾಂಕಿನ ಕಬ್ಬಿಣದ ಕಾಲು, ಒಂದು ಹುತ್ತ. ಹುತ್ತ ಈಗ ಅರ್ಧ ಕರಗಿದೆ. ಟ್ಯಾಂಕು ಇದೆ. ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡು, ಹಿಂದೆ ಮುಂದೆ ಸರಿದು, ಅವತ್ತು ನಾನು ನಿಂತಿದ್ದ ಜಾಗ ಹುಡುಕಿದೆ. ಮರ ಟ್ಯಾಂಕಿನ ಕಾಲಿಗೆ ಸರಿಯಾಗಿ ತಾಗಿದಾಗ ಕೇರೊಗೆ ಕೂಗಿದೆ, ನೇರ ನಡಿ, ಸ್ವಲ್ಪ ಬಲಕ್ಕೆ, ನಿಲ್ಲು.

ಕೇರೊ ಹುಲ್ಲು ಸರಿಸಿದ. ಮುಳ್ಳುಕೊಂಬೆಯ ಕೊಳೆತ ಬುಡಗಳು.

ಇಬ್ರೊ ದೂರದಿಂದ ಕಲ್ಲು ಹೊತ್ತು ತಂದ. ದೊಡ್ಡ ದೊಡ್ಡ ಕಲ್ಲು, ಬೇಕಾದ್ದಕ್ಕಿಂತ ಹೆಚ್ಚು. ಯಾರ ಕೈಗೂ ಕೊಡಲಿಲ್ಲ. ಸುತ್ತ ಜೋಡಿಸಿ ಪ್ರಾರ್ಥನೆ ಮಾಡಿದ. ಕೇರೊ ಹಿಂದೆ ನಿಂತ.

ನೂರ್ತೊ ನನ್ನ ಪಕ್ಕ ಬಂದಳು. ‘ಆ ಇನ್ನೊಂದು ಫೋಟೊ ತೋರಿಸು. ಎಲ್ಲರೂ ನೋಡಿದ್ದು.’

‘ನೀನು ನೋಡಿಲ್ವಾ?’

‘ನನಗೆ ಯಾರು ತೋರಿಸ್ತಾರೆ? ನಿನ್ನೆ ಇವನ ಫೋನಿನಲ್ಲಿ ನೋಡೋಕೆ ಆಗಲಿಲ್ಲ.’

ತೋರಿಸಿದೆ. ಪರದೆಯ ತುಂಬಾ. ಅವಳು ಬಗ್ಗಿ ನೋಡಿದಳು. ಬೆರಳ ತುದಿಯಿಂದ ಮಗುವಿನ ಕಿವಿ ಮುಟ್ಟಿದಳು. ಪರದೆ ಸರಿದು ಮುಂದಿನ ಫ್ರೇಮಿಗೆ ಹೋಯಿತು, ಮತ್ತೆ ಹಿಂದಕ್ಕೆ ತಂದುಕೊಟ್ಟೆ.

‘ಇಷ್ಟು ದೊಡ್ಡ ಕಣ್ಣಾ ಅವಳದು,’ ಅಂದಳು. ‘ಆಮೇಲೆ ಅವಳು ಕಣ್ಣು ತೆರೀಲೇ ಇಲ್ಲ. ಆ ರಾತ್ರಿನೇ ಮುಚ್ಚಿಕೊಂಡ್ಲು. ಕರೆದೆ ಕರೆದೆ, ನೋಡಲಿಲ್ಲ.’

ಪರದೆಯ ಬೆಳಕು ಹೆಚ್ಚಿಸಿದೆ.

‘ಇದರಲ್ಲಿ ನಿನ್ನನ್ನ ನೋಡ್ತಿದಾಳೆ,’ ಅಂದಳು. ‘ನನ್ನನ್ನಲ್ಲ.’

ಬರೆದಿಡುತ್ತಿದ್ದೇನೆ, ಅಷ್ಟೇ. ಆ ಹೊತ್ತಿಗೆ ಏನನ್ನಿಸಿತು ಅಂತ ಬರೆಯಲು ಆಗುತ್ತಿಲ್ಲ. ಮರ ಕಂಡಿತು, ಟ್ಯಾಂಕು ಕಂಡಿತು.

ಇಬ್ರೊ ಬಂದು, ‘ಇಲ್ಲಿ ಒಂದು ತೆಗೀರಿ. ಕಲ್ಲಿನ ಜೊತೆ. ನನ್ನ ಹತ್ರ ಏನೂ ಇಲ್ಲ,’ ಅಂದ.

‘ನನ್ನದು ಬೇಡ,’ ಅಂದಳು ನೂರ್ತೊ. ‘ಅವನದು ಬೇಕಾದ್ರೆ ತೆಗಿ. ನಾನು ಪಕ್ಕಕ್ಕೆ ನಿಲ್ತೀನಿ.’

‘ಕ್ಯಾಮೆರಾ ತಂದಿಲ್ಲ,’ ಅಂದೆ.

ಅದು ನನ್ನ ಹೆಗಲ ಮೇಲೇ ಇತ್ತು. ಇಬ್ಬರೂ ನೋಡಿದರು. ಕೊನೆಗೆ ಕೇರೊ ಇಬ್ರೊನ ಫೋನ್ ತೆಗೆದುಕೊಂಡು, ಆ ಸೀಳಿದ ಗಾಜಿನ ಫೋನಿನಲ್ಲೇ ಒಂದು ತೆಗೆದುಕೊಟ್ಟ. ಬೆರಳು ಅಡ್ಡ ಬಂದಿತ್ತು. ಇಬ್ರೊ ಅದನ್ನೇ ಇಟ್ಟುಕೊಂಡ.

ಮೇ ೧೪. ಮೊಗದಿಶು.

ಮುತೋನಿ ಫೋನ್. ‘ಎಷ್ಟು ಫ್ರೇಮ್ ಬಂತು?’

‘ಇಲ್ಲ.’

‘ಅಂದ್ರೆ?’

‘ಒಂದೂ ತೆಗೀಲಿಲ್ಲ.’

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ‘ಸರಿ. ರಜ ತೊಗೊ ನೀನು.’

‘ರಜದಲ್ಲಿ ಏನ್ ಮಾಡ್ಲಿ?’

ನಾಳೆ ಫೋನ್ ಮಾಡ್ತೀನಿ ಅಂತ ಇಟ್ಟಳು.

ಅಮ್ಮ ಎಲ್ಲಾ ಕೇಳಿದಳು. ನೂರ್ತೊ ಬೈದೊವಾ ಬಿಟ್ಟು ಬರುವುದಿಲ್ಲ ಅಂದಳಂತೆ, ಮಗಳೊಬ್ಬಳನ್ನೇ ಬಿಟ್ಟು ಹೇಗೆ ಬರಲಿ ಅಂತ. ಇಬ್ರೊ ಅಲ್ಲೇ ಉಳಿದಿದ್ದಾನೆ, ಸಂತೆಯಲ್ಲಿ ಮೂಟೆ ಹೊರುತ್ತಾನಂತೆ. ಹೇಳಿದೆ. ಅಮ್ಮ, ‘ಅವನು ಇನ್ನೊಂದ್ಸಲ ನಮ್ಮನೇಲಿ ಊಟ ಮಾಡಲ್ಲ,’ ಅಂದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ಅವಳು ಅಳುವುದನ್ನು ನೋಡುತ್ತಾ ಚಹಾ ಕುಡಿದೆ.

ಜುಲೈ ೨೨.

ಚಿಕ್ಕಮ್ಮನ ಮಗಳ ಮದುವೆ. ಫೋಟೊ ನೀನೇ ತೆಗೀಬೇಕು ಅಂತ ಹಠ. ಹೋದೆ. ವರ್ಷಗಳ ಮೇಲೆ. ಸಾಂಬ್ರಾಣಿ ಹೊಗೆ, ಚಪ್ಪಾಳೆ, ಚಿಕ್ಕಮ್ಮಂದಿರ ಕುಣಿತ. ‘ಯಾಕೇ ಸಗಲ್, ಹೆಣದ ಮನೆಗೆ ಬಂದವಳ ಹಾಗೆ ನಿಂತಿದೀಯ, ಸೊಂಟ ಕುಣಿಸು,’ ಅಂತ ಒಬ್ಬಳು. ಎಲ್ಲರೂ ನಕ್ಕರು. ನಾನೂ ಹಲ್ಲು ತೋರಿಸಿದೆ.

ಕೈಗೆ ಎಲ್ಲಾ ನೆನಪಿದೆ. ಬೆಳಕು, ದೂರ, ಎಲ್ಲಾ. ಮದುಮಗಳು ಶಟರ್ ಸದ್ದಿಗೆ ಕ್ಯಾಮೆರಾ ಕಡೆ ತಿರುಗಿದಳು.

‘ಈ ಕಡೆ ಬೇಡ,’ ಅಂದೆ. ‘ಅಮ್ಮನ ಕಡೆ ನೋಡು.’

‘ಮುಖ ಸರಿಯಾಗಿ ಬರಬೇಡ್ವಾ?’

‘ಬರದಿದ್ರೆ ಬೇಡ. ಅಮ್ಮನ್ನ ನೋಡು.’

ಒಂದು ಫೋಟೊದಲ್ಲೂ ಮದುಮಗಳ ಮುಖ ನೇರ ಇಲ್ಲ. ಚಿಕ್ಕಮ್ಮನಿಗೆ ಸಿಟ್ಟು.

ಅಕ್ಟೋಬರ್ ೧೯.

ಕೆಲಸಕ್ಕೆ ಹೋಗುತ್ತಿದ್ದೇನೆ. ಮತ್ತೆ ನೆರೆ, ಜುಬಾ ನದಿ ಕಡೆ. ದೋಣಿ, ಛಾವಣಿ ಮೇಲೆ ಮೇಕೆಗಳು. ಮುಖ ಕಳಿಸುತ್ತಿಲ್ಲ ನೀನು ಅಂದಳು ಮುತೋನಿ. ಬೆನ್ನು, ಕೈ, ಪಾತ್ರೆ ಕಳಿಸುತ್ತೇನೆ. ಕೆಲವನ್ನು ಹಾಕಿಕೊಳ್ಳುತ್ತಾರೆ. ಉಳಿದವು ಬಿದ್ದಿರುತ್ತವೆ.

ಬೇರೆ ಬರೆಯುವಂಥದ್ದಿಲ್ಲ.

ಮಾರ್ಚ್ ೨, ೨೦೨೪. ಮಧ್ಯಾಹ್ನ.

ನೂರ್ತೊ ಫೋನ್ ಮಾಡಿದ್ದಳು. ನಂಬರು ಕೇರೊ ಕೊಟ್ಟನಂತೆ. ಕಿಸ್ಮಾಯೊಗೆ ಹೊರಟಿದ್ದಾರೆ. ಬೈದೊವಾದಲ್ಲಿ ಇಬ್ರೊಗೆ ಕೆಲಸ ಹತ್ತಲಿಲ್ಲ, ಬಂದರಿನವರು ಬಾ ಅಂದಿದ್ದಾರೆ. ಅವಳೂ ಒಪ್ಪಿದಳಂತೆ, ಕೊನೆಗೆ.

‘ಒಂದು ಮಾತು ಹೇಳೋಣ ಅಂತ ಮಾಡಿದೆ,’ ಅಂದಳು. ‘ನೀನು ಇಲ್ಲಿಗೆ ಬರ್ತಾ ಇರ್ತೀಯಲ್ಲ. ಬಂದಾಗ ಒಂದ್ಸಲ ಅಲ್ಲಿಗೆ ಹೋಗಿ ಬಾ. ಕಲ್ಲು ಜರುಗಿದ್ರೆ ಸರಿ ಮಾಡು. ಕೇರೊಗೆ ಹೇಳಿದೀನಿ. ಆದ್ರೆ ಅವನು ಮರೀತಾನೆ.’

‘ಹೋಗ್ತೀನಿ.’

‘ಫೋಟೊ ಬೇಡ.’

‘ಇಲ್ಲ.’

ಹಿಂದೆ ಬಸ್ಸಿನ ಹಾರ್ನು. ಇಬ್ರೊ ಗಂಟಿನ ವಿಷಯಕ್ಕೆ ಯಾರ ಜೊತೆಗೋ ಜಗಳವಾಡುತ್ತಿದ್ದ. ಅವಳು ಇಡುತ್ತಾಳೆ ಅಂದುಕೊಂಡೆ.

‘ನೀನು ನೆಮ್ಮದಿಯಾ?’

ಎಲ್ಲರೂ ಎಲ್ಲರನ್ನೂ ಕೇಳುವ ಮಾತು. ‘ನೆಮ್ಮದಿ,’ ಅಂದೆ.

‘ಹಾಗಲ್ಲ,’ ಅಂದಳು. ‘ಕೇಳ್ತಿದೀನಿ ನಾನು.’

ಬಸ್ಸು ಮತ್ತೆ ಹಾರ್ನ್ ಹೊಡೆಯಿತು. ಅವಳು ಇಡಲಿಲ್ಲ. ಕಾಯುತ್ತಿದ್ದಳು. ಅಮ್ಮ ಅಡುಗೆಮನೆಯಿಂದ ಇಣುಕಿ, ಯಾರದು ಅಂತ ಸನ್ನೆಯಲ್ಲಿ ಕೇಳಿದಳು. ಹೇಳೋಣ ಅಂತ ಬಾಯಿ ತೆರೆದೆ. ಮಾತಿನ ಬದಲು ಅಳು ಬಂತು. ಅಮ್ಮ ಕೈಯಲ್ಲಿದ್ದದ್ದು ಬಿಟ್ಟು ಬಂದಳು. ನಾನು ನೂರ್ತೊಗೆ ಹೇಳಿದೆ, ನನಗೆ ನೆಮ್ಮದಿ ಇಲ್ಲ.